ತೂಬಿಗೆ ಸಿಕ್ಕ ದಾರ

ಹೊಸಪೇಟೆಯಲ್ಲೋ ಸಂಡೂರಿನಲ್ಲೋ ಜ್ವರ ಹಿಡಿದವರು ರಕ್ತ ಕೊಟ್ಟು ಬಂದರೆ ಮೊದಲು ಕೈಗೆ ಸಿಗುವುದು ಸಿಬಿಸಿ ಚೀಟಿ. ಡೆಂಗಿ ಹಬ್ಬಿದ ಮಳೆಗಾಲದಲ್ಲಂತೂ ಪ್ಲೇಟ್‌ಲೆಟ್ ಎಷ್ಟಕ್ಕೆ ಇಳಿಯಿತು ಎಂಬುದೇ ಮನೆಮಂದಿಯ ಮಾತು. ಆ ಸಂಖ್ಯೆ ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ. ಬಹುಪಾಲು ಲ್ಯಾಬುಗಳಲ್ಲಿ ಅದನ್ನು ಎಣಿಸುವುದು ಮನುಷ್ಯರಲ್ಲ, ಒಂದು ತೂತು. ಸೆಲ್ ಕೌಂಟರ್ ಎಂಬ ಯಂತ್ರದೊಳಗೆ ಉಪ್ಪುನೀರು ತುಂಬಿದ ಎರಡು ಕೋಣೆಗಳಿವೆ. ನಡುವಿನ ಗೋಡೆಯಲ್ಲಿ ತಲೆಗೂದಲಿನ ದಪ್ಪದಷ್ಟೇ ಅಗಲದ ತೂತಿದೆ. ಎರಡೂ ಕಡೆಗೆ ವಿದ್ಯುತ್ ತಗುಲಿಸಿದರೆ ಉಪ್ಪಿನ ಅಯಾನುಗಳು ತೂತಿನಲ್ಲಿ ಹರಿಯತೊಡಗುತ್ತವೆ. ತೆಳುಮಾಡಿದ ರಕ್ತದ ಒಂದು ಕಣ ತೂತನ್ನು ದಾಟುವ ಕ್ಷಣದಲ್ಲಿ ದಾರಿ ಇಕ್ಕಟ್ಟಾಗಿ ಪ್ರವಾಹ ಕುಗ್ಗುತ್ತದೆ, ಕಣ ದಾಟಿದ ಮೇಲೆ ಮತ್ತೆ ಮೊದಲಿನಂತಾಗುತ್ತದೆ. ಎಷ್ಟು ಸಲ ಕುಗ್ಗಿತು ಎಂಬುದು ಕಣಗಳ ಲೆಕ್ಕ, ಎಷ್ಟು ಕುಗ್ಗಿತು ಎಂಬುದು ಕಣದ ಗಾತ್ರ. ಪ್ಲೇಟ್‌ಲೆಟ್ ಚಿಕ್ಕದು, ಸಣ್ಣ ಕುಗ್ಗು. ಕೆಂಪುಕಣ ದೊಡ್ಡದು, ದೊಡ್ಡ ಕುಗ್ಗು. ಅಮೆರಿಕದ ವ್ಯಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದ ಈ ಉಪಾಯದಲ್ಲಿ ಕಣವನ್ನು ಕಣ್ಣಾರೆ ನೋಡಬೇಕಾದ ಅಗತ್ಯವೇ ಇಲ್ಲ. ತೂಬಿನಿಂದ ಬರುವ ನೀರು ತಟ್ಟನೆ ಕಡಿಮೆಯಾದರೆ ಬಾಯಿಗೆ ಏನೋ ಸಿಕ್ಕಿದೆ ಎಂದು ಕೆರೆಯ ಏರಿ ಹತ್ತದೆಯೇ ಹೇಳುವ ನೀರಗಂಟಿಯ ಜಾಣ್ಮೆ ಇದು.

ಈ ತೂತನ್ನು ಹತ್ತು ಸಾವಿರ ಪಟ್ಟು ಕಿರಿದು ಮಾಡಿದರೆ ಏನಾಗುತ್ತದೆ? ಹತ್ತು ನ್ಯಾನೊಮೀಟರ್ ಅಗಲದ ರಂಧ್ರ ಸಿಗುತ್ತದೆ. ಅದರಲ್ಲಿ ರಕ್ತಕಣ ಹೋಗದು, ಎರಡು ನ್ಯಾನೊಮೀಟರ್ ದಪ್ಪದ ಡಿಎನ್‌ಎ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಮನೋಜ್ ವರ್ಮಾ ಅವರ ತಂಡವೂ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಗೌತಮ್ ಸೋನಿ ಅವರ ತಂಡವೂ ವರ್ಷಗಳಿಂದ ಇಂಥ ರಂಧ್ರಗಳೊಡನೆ ಕೆಲಸ ಮಾಡುತ್ತಿವೆ. ಹೊರಗಿನವರಿಗೆ ಈ ಕೆಲಸದ ಪರಿಚಯವಾಗುವುದು ಸಾಮಾನ್ಯವಾಗಿ ‘ಡಿಎನ್‌ಎ ಓದುವ ಹೊಸ ವಿಧಾನ’ ಎಂದು. ಅದು ತಪ್ಪಲ್ಲ, ಆದರೆ ಅರ್ಧ ಮಾತು. ಮೂವತ್ತು ವರ್ಷಗಳ ಅನುಭವ ಹೇಳುವುದು ಬೇರೆ: ಕಷ್ಟವಿದ್ದದ್ದು ರಂಧ್ರ ಕೊರೆಯುವುದರಲ್ಲಲ್ಲ, ಡಿಎನ್‌ಎಯ ರಾಸಾಯನಿಕ ಅಕ್ಷರಗಳನ್ನು ಗುರುತಿಸುವುದರಲ್ಲೂ ಅಷ್ಟಾಗಿ ಅಲ್ಲ, ಡಿಎನ್‌ಎ ದಾರ ರಂಧ್ರದಲ್ಲಿ ಹೇಗೆ ಚಲಿಸುತ್ತದೆ ಎಂಬುದರಲ್ಲಿ. ಓದುವ ದಾರಿಗೆ ಅಡ್ಡವೆಂದು ಕಂಡ ಆ ಚಲನೆಯೇ ಈ ಕ್ಷೇತ್ರದ ನಿಜವಾದ ಫಸಲು ಎಂಬುದು ಈ ಲೇಖನದ ವಾದ.

ಡಿಎನ್‌ಎಯನ್ನು ರಂಧ್ರದಲ್ಲಿ ದಾಟಿಸಿ ಓದುವ ಕಲ್ಪನೆ ಹಳೆಯದು. ಡೇವಿಡ್ ಡೀಮರ್ ಎಂಬ ವಿಜ್ಞಾನಿ 1989ರಲ್ಲೇ ತಮ್ಮ ನೋಟ್‌ಬುಕ್ಕಿನಲ್ಲಿ ಇದರ ಚಿತ್ರ ಗೀಚಿಟ್ಟಿದ್ದರು. 1996ರಲ್ಲಿ ಕಾಸಿಯಾನೊವಿಚ್, ಬ್ರ್ಯಾಂಟನ್, ಡೀಮರ್ ಮೊದಲಾದವರು ಒಂದು ಬ್ಯಾಕ್ಟೀರಿಯಾದ ವಿಷಪ್ರೋಟೀನನ್ನು ರಂಧ್ರವಾಗಿ ಬಳಸಿ ಒಂಟಿ ಎಳೆಯ ಡಿಎನ್‌ಎ, ಆರ್‌ಎನ್‌ಎಗಳು ಅದನ್ನು ದಾಟುವುದನ್ನು ತೋರಿಸಿದರು. ಆಲ್ಫಾ ಹೀಮೊಲೈಸಿನ್ ಎಂಬ ಆ ಪ್ರೋಟೀನಿನ ಅತಿ ಇಕ್ಕಟ್ಟಾದ ಜಾಗ 1.4 ನ್ಯಾನೊಮೀಟರ್. ಪ್ರಕೃತಿ ಕೊರೆದ ರಂಧ್ರ ಪರಮಾಣು ಲೆಕ್ಕದಲ್ಲಿ ನಿಖರ, ಆದರೆ ಅಳತೆ ನಮ್ಮ ಕೈಯಲ್ಲಿಲ್ಲ. ಅದು ಕೂತ ಕೊಬ್ಬಿನ ಪೊರೆಯೂ ನಾಜೂಕು. ಹಾಗಾಗಿ 2001ರಲ್ಲಿ ಹಾರ್ವರ್ಡ್‌ನ ಗೊಲೊವ್‌ಚೆಂಕೊ, ಬ್ರ್ಯಾಂಟನ್ ಅವರ ಗುಂಪು ಸಿಲಿಕಾನ್ ನೈಟ್ರೈಡ್ ಪೊರೆಯಲ್ಲಿ ಅಯಾನು ಕಿರಣದಿಂದ ರಂಧ್ರ ಮಾಡಿತು. 2003ರಲ್ಲಿ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕಿರಣವೇ ಅಕ್ಕಸಾಲಿಗನ ಚಿಮಟವಾಯಿತು. 2014ರಲ್ಲಿ ಕೆನಡಾದ ಒಟ್ಟಾವದ ಗುಂಪು ಎಲ್ಲವನ್ನೂ ಅಗ್ಗ ಮಾಡಿತು: ಪೊರೆಯನ್ನು ಉಪ್ಪುನೀರಿನಲ್ಲೇ ಇಟ್ಟು ಕೆಲವು ವೋಲ್ಟ್ ಕೊಟ್ಟರೆ ಪೊರೆ ತಾನೇ ಒಂದು ಕಡೆ ಸೋತು ರಂಧ್ರವಾಗುತ್ತದೆ, ಪ್ರವಾಹ ಏರಿದ ಕೂಡಲೇ ವಿದ್ಯುತ್ ತೆಗೆದರೆ ಆಯಿತು. ಗಾಜಿನ ಕೊಳವೆಯನ್ನು ಲೇಸರಿನಿಂದ ಕಾಯಿಸಿ ಎಳೆದು ತುದಿಯನ್ನೇ ರಂಧ್ರವಾಗಿಸುವ ಇನ್ನೊಂದು ವಿಧಾನವೂ ಇದೆ. ಅಂದರೆ ತೂತು ಕೊರೆಯುವುದು ಇಂದು ಹರಸಾಹಸವಲ್ಲ.

ಹಾಗಾದರೆ ದಾರ ಪೋಣಿಸೋಣ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವುದು ಬ್ಯಾಕ್ಟೀರಿಯಾಗಳಿಗೆ ತಗಲುವ ಲ್ಯಾಂಬ್ಡಾ ಎಂಬ ವೈರಸ್ಸಿನ ಡಿಎನ್‌ಎ. 48,500 ಜೋಡಿ ಅಕ್ಷರಗಳು, ಬಿಡಿಸಿ ಹಿಡಿದರೆ ಸುಮಾರು 16.5 ಮೈಕ್ರೊಮೀಟರ್ ಉದ್ದ. ಎಲ್ಲವನ್ನೂ ಒಂದು ಲಕ್ಷ ಪಟ್ಟು ಹಿಗ್ಗಿಸಿ ನೋಡಿದರೆ ಕಣ್ಣಿಗೆ ಕಟ್ಟುತ್ತದೆ. ರಂಧ್ರ ಒಂದು ಮಿಲಿಮೀಟರಿನ ಸೂಜಿಗಣ್ಣು, ಡಿಎನ್‌ಎ 0.2 ಮಿಲಿಮೀಟರ್ ದಪ್ಪದ, ಒಂದೂಮುಕ್ಕಾಲು ಮೀಟರಿಗೆ ತುಸು ಕಡಿಮೆ ಉದ್ದದ ನೂಲು. ಆದರೆ ನೂಲು ನೀಟಾಗಿ ಚಾಚಿಕೊಂಡಿಲ್ಲ. ನೀರಿನ ಅಣುಗಳ ನಿರಂತರ ತಳ್ಳಾಟದಲ್ಲಿ ಗೋಜಲಾಗಿ, ಬೊಗಸೆ ತುಂಬುವಷ್ಟು ಸಡಿಲ ಉಂಡೆಯಾಗಿ ಸದಾ ಮಿಸುಕಾಡುತ್ತಿದೆ. ಸಂಡೂರಿನ ಲಂಬಾಣಿ ಕಸೂತಿಗೆ ಕೂತ ಹೆಣ್ಣುಮಗಳು ದಾರದ ತುದಿಯನ್ನು ತುಟಿಯಲ್ಲಿ ತೇವ ಮಾಡಿ, ಹೊಸೆದು, ಗುರಿಯಿಟ್ಟು ಕಣ್ಣಿಗೆ ತೂರಿಸುತ್ತಾಳೆ. ಇಲ್ಲಿ ತುದಿ ಹಿಡಿಯುವ ಬೆರಳಿಲ್ಲ. ಗೋಜಲಾಗಿರಲು ದಾರಕ್ಕೆ ಲೆಕ್ಕವಿಲ್ಲದಷ್ಟು ಬಗೆಗಳಿವೆ, ತುದಿ ಸರಿಯಾಗಿ ರಂಧ್ರದ ಬಾಯಿಗೆ ಬಂದು ನಿಲ್ಲಲು ಬೆರಳೆಣಿಕೆಯಷ್ಟು. ಈ ಅಸಮತೆಯೇ ಒಂದು ದಿಬ್ಬದಂತೆ ದಾರವನ್ನು ತಡೆಯುತ್ತದೆ. ಭೌತವಿಜ್ಞಾನಿಗಳು ಇದನ್ನು ಎಂಟ್ರೊಪಿಯ ತಡೆ ಎನ್ನುತ್ತಾರೆ. ಭಾರತೀಯ ಮೂಲದ ಎಂ. ಮುತ್ತುಕುಮಾರ್ ಇದರ ಸಿದ್ಧಾಂತವನ್ನು ಕಟ್ಟಿದವರಲ್ಲಿ ಪ್ರಮುಖರು. ದಿಬ್ಬ ಹತ್ತಿಸುವುದು ವಿದ್ಯುತ್. ಡಿಎನ್‌ಎ ಮೈತುಂಬ ಋಣ ವಿದ್ಯುದಂಶವಿರುವುದರಿಂದ ಧನ ತುದಿಯ ಕಡೆಗೆ ಎಳೆತವಿದೆ. ರಂಧ್ರದಿಂದ ದೂರ ಸರಿದಂತೆ ಆ ಎಳೆತ ಬೇಗ ಕ್ಷೀಣಿಸುತ್ತದೆ. ಒಂದು ಎಲ್ಲೆಯಾಚೆ ಇರುವ ಉಂಡೆ ತನ್ನ ಪಾಡಿಗೆ ಅಲೆಯುತ್ತದೆ, ಎಲ್ಲೆಯೊಳಗೆ ಬಂದದ್ದು ಸೆಳೆಯಲ್ಪಡುತ್ತದೆ. ತೂಬಿನ ಬಾಯಿಯ ಹತ್ತಿರ ತೇಲಿಬಂದ ಎಲೆಗೂ ಕೆರೆಯ ನಡುವಿನ ಎಲೆಗೂ ಇರುವ ವ್ಯತ್ಯಾಸ ಇದು.

ಒಳಹೊಕ್ಕ ಮೇಲಿನ ಕಥೆ ಇನ್ನೂ ಸ್ವಾರಸ್ಯ. ಉದ್ದ ಎರಡು ಪಟ್ಟಾದರೆ ದಾಟುವ ಹೊತ್ತೂ ಎರಡು ಪಟ್ಟಾಗಬೇಕು ಎಂದು ಯಾರೂ ಊಹಿಸುತ್ತಾರೆ. ಡೆಲ್ಫ್ಟ್‌ನ ಗುಂಪು 2005ರಲ್ಲಿ ಬೇರೆ ಬೇರೆ ಉದ್ದದ ಡಿಎನ್‌ಎಗಳನ್ನು ದಾಟಿಸಿ ಅಳೆದಾಗ ಹೊತ್ತು ಉದ್ದದ 1.27ನೆಯ ಘಾತದಂತೆ ಏರುತ್ತಿತ್ತು. ಅಂದರೆ ಉದ್ದ ಇಮ್ಮಡಿಸಿದರೆ ಹೊತ್ತು ಸುಮಾರು 2.4 ಪಟ್ಟು. ಈ ಹೆಚ್ಚುವರಿ 0.4 ಎಲ್ಲಿಂದ ಬಂತು? ರಂಧ್ರದಿಂದಲ್ಲ, ಹೊರಗೆ ಸರದಿ ಕಾಯುತ್ತಿರುವ ಉಂಡೆಯಿಂದ. ತುದಿಯನ್ನು ಎಳೆದಾಗ ಬಿಗಿತ ಎಳೆಯುದ್ದಕ್ಕೂ ಹಬ್ಬುತ್ತ ಹೋಗಬೇಕು, ಉಂಡೆಯ ಭಾಗಗಳು ನೀರನ್ನು ಸೀಳಿ ಸರಿಯಬೇಕು. ಉಂಡೆ ದೊಡ್ಡದಾದಷ್ಟೂ ಆ ತಡೆ ಹೆಚ್ಚು. ತೂಬಿನಲ್ಲಿ ಕೂತು ಅಳೆದ ಒಂದು ಸಂಖ್ಯೆ ಕೆರೆಯೊಳಗಿನ ಸಂಗತಿಯನ್ನು ಹೇಳಿತು. ಎಳೆತ ಎಷ್ಟೆಂಬುದನ್ನೂ ಅಳೆದಿದ್ದಾರೆ: 2006ರಲ್ಲಿ ಅದೇ ಡೆಲ್ಫ್ಟ್‌ನಲ್ಲಿ ಲೇಸರ್ ಚಿಮಟದಿಂದ ಡಿಎನ್‌ಎಯ ಇನ್ನೊಂದು ತುದಿಯನ್ನು ಹಿಡಿದಿಟ್ಟು ನೋಡಿದಾಗ ಪ್ರತಿ ಮಿಲಿವೋಲ್ಟಿಗೆ 0.24 ಪಿಕೊನ್ಯೂಟನ್. ಡಿಎನ್‌ಎ ಮೇಲಿನ ವಿದ್ಯುದಂಶದ ಲೆಕ್ಕಕ್ಕೆ ಇದು ತೀರ ಕಡಿಮೆ. ಕಾರಣ, ದಾರವನ್ನು ಮುತ್ತಿಕೊಂಡ ಧನ ಅಯಾನುಗಳು ಎದುರು ದಿಕ್ಕಿಗೆ ಓಡುತ್ತ ತಮ್ಮೊಡನೆ ನೀರನ್ನೂ ಎಳೆದೊಯ್ಯುತ್ತವೆ. ದಾರ ಸದಾ ಇದಿರು ಹೊಳೆಯಲ್ಲಿ ಸಾಗಬೇಕು. ಕೆಲವು ದಾರಗಳು ತುದಿಯಿಂದಲ್ಲದೆ ನಡುವೆ ಮಡಚಿಕೊಂಡೇ ನುಗ್ಗುತ್ತವೆ, ಆಗ ಪ್ರವಾಹ ಎರಡು ಪಟ್ಟು ಕುಗ್ಗುತ್ತದೆ. 2016ರಲ್ಲಿ ಇನ್ನೂ ಸೂಕ್ಷ್ಮವಾದ ಕುಗ್ಗುಗಳಲ್ಲಿ ಡಿಎನ್‌ಎಯ ಗಂಟುಗಳೇ ಕಂಡವು. ಉದ್ದನೆಯ ದಾರ ತಾನಾಗಿ ಗಂಟುಬೀಳುತ್ತದೆಂದು ಗಣಿತ ಮೊದಲೇ ಹೇಳಿತ್ತು. ಕಸೂತಿಯವರನ್ನು ಕೇಳಿದ್ದರೆ ಅವರೂ ಹೇಳುತ್ತಿದ್ದರು.

ಆದರೆ ಓದುವವರಿಗೆ ಇದೆಲ್ಲ ತಲೆನೋವು. ಲೆಕ್ಕ ಹಾಕಿ ನೋಡಬಹುದು. ಇಪ್ಪತ್ತು ನ್ಯಾನೊಮೀಟರ್ ದಪ್ಪದ ಪೊರೆ, ಹತ್ತು ನ್ಯಾನೊಮೀಟರ್ ರಂಧ್ರ, ಗಾಢ ಉಪ್ಪುನೀರು, ನೂರು ಮಿಲಿವೋಲ್ಟ್ ಇದ್ದರೆ ಪ್ರವಾಹ ಸುಮಾರು ಮೂರು ನ್ಯಾನೊಆಂಪಿಯರ್, ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 1,900 ಕೋಟಿ ಅಯಾನುಗಳು. ದೊಡ್ಡ ಸಂಖ್ಯೆಯೇ. ಆದರೆ ಲ್ಯಾಂಬ್ಡಾ ದಾರ ಪೂರ್ತಿ ದಾಟಿ ಮುಗಿಸಲು ಬೇಕಾದದ್ದು ಒಂದು ಮಿಲಿಸೆಕೆಂಡಿನ ಆಸುಪಾಸು. ಒಂದು ಅಕ್ಷರದ ಪಾಲಿಗೆ ಇಪ್ಪತ್ತೈದು ನ್ಯಾನೊಸೆಕೆಂಡ್ ಸಿಕ್ಕರೆ ಹೆಚ್ಚು. ಅಷ್ಟರಲ್ಲಿ ರಂಧ್ರ ದಾಟುವ ಅಯಾನುಗಳು 470. ಇಷ್ಟು ಸಣ್ಣ ಲೆಕ್ಕದಲ್ಲಿ ಸಹಜ ಏರಿಳಿತವೇ ಇಪ್ಪತ್ತೆರಡರಷ್ಟು, ಅಂದರೆ ಶೇ 5ರ ಹತ್ತಿರ. ಇಡೀ ಡಿಎನ್‌ಎ ಆ ರಂಧ್ರದಲ್ಲಿ ಅಡ್ಡ ಬಂದಾಗ ಕುಗ್ಗುವ ಪ್ರವಾಹವೂ ಸುಮಾರು ಅಷ್ಟೇ! ಹಾಗಿರುವಾಗ ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ಇರುವ ಕೂದಲೆಳೆಯ ವ್ಯತ್ಯಾಸ ಎಲ್ಲಿ ಕಂಡೀತು? ಸಾಲದ್ದಕ್ಕೆ ಪೊರೆಯ ದಪ್ಪದೊಳಗೆ ಒಮ್ಮೆಗೇ ಸುಮಾರು ಅರುವತ್ತು ಜೋಡಿ ಅಕ್ಷರಗಳು ಕೂತಿರುತ್ತವೆ. ಇದು ಯಂತ್ರದ ಕೊರತೆಯಲ್ಲ, ಒಳ್ಳೆಯ ಯಂತ್ರ ಕೊಂಡರೆ ಸರಿಹೋಗುವುದೂ ಅಲ್ಲ. ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು 2024ರ ಆಗಸ್ಟ್ 10ರ ರಾತ್ರಿ ತುಂಡಾಗಿ ಗೇಟು ಕೊಚ್ಚಿಹೋದಾಗ ಆ ಒಂದೇ ಕಂಡಿಯಿಂದ ಸುಮಾರು 35 ಸಾವಿರ ಕ್ಯುಸೆಕ್ ನೀರು ಹೊಳೆಪಾಲಾಯಿತು. ನೀರು ಎಷ್ಟು ಹೋಗುತ್ತಿದೆ ಎಂಬುದು ಅಂದು ಎಲ್ಲರಿಗೂ ಗೊತ್ತಿತ್ತು, ಇಲ್ಲದ್ದು ಹಿಡಿತ. ಕೃತಕ ರಂಧ್ರದಲ್ಲಿ ನುಗ್ಗುವ ಡಿಎನ್‌ಎಯ ಸ್ಥಿತಿ ಚೈನು ಕಳಚಿದ ಗೇಟಿನದು.

ಚೈನು ಹಾಕಿದವರು ಪ್ರೋಟೀನ್ ರಂಧ್ರದವರು. ಡಿಎನ್‌ಎ ಮೇಲೆ ಹೆಜ್ಜೆಯಿಡುತ್ತ ಸಾಗುವ ಕಿಣ್ವಗಳು ಜೀವಕೋಶಗಳಲ್ಲಿ ಧಾರಾಳವಾಗಿವೆ. ಅಂಥದೊಂದನ್ನು ರಂಧ್ರದ ಬಾಯಲ್ಲಿ ಕೂರಿಸಿದರೆ ದಾರ ಅದರ ಹಿಡಿತದಿಂದಲೇ ಬಿಡಿಬಿಡಿಯಾಗಿ ಕೆಳಗಿಳಿಯಬೇಕು. ಕಂಪ್ಲಿ, ಹೊಸಪೇಟೆ ಕಡೆಯ ಗಾಣದಲ್ಲಿ ಕಬ್ಬು ಎಷ್ಟು ಬೇಗ ಹೋಗಬೇಕೆಂಬುದನ್ನು ನೂಕುವ ಕೈಯಲ್ಲ, ಕಚ್ಚಿಹಿಡಿದ ಉರುಳೆಗಳು ತೀರ್ಮಾನಿಸುತ್ತವಲ್ಲ, ಹಾಗೆ. 2012ರ ಹೊತ್ತಿಗೆ ಇದು ಪ್ರಯೋಗಾಲಯದಲ್ಲಿ ಸಾಧ್ಯವಾಯಿತು. 2014ರಲ್ಲಿ ಬ್ರಿಟನ್ನಿನ ಆಕ್ಸ್‌ಫರ್ಡ್ ನ್ಯಾನೊಪೋರ್ ಕಂಪನಿ ಅಂಗೈಯಲ್ಲಿ ಹಿಡಿಯಬಹುದಾದ ಮಿನಿಯಾನ್ ಎಂಬ ಸಾಧನವನ್ನು ಸಂಶೋಧಕರಿಗೆ ಕೊಡತೊಡಗಿತು. ಅದರಲ್ಲಿ ದಾರದ ವೇಗ ಸೆಕೆಂಡಿಗೆ ನಾಲ್ಕು ನೂರು ಅಕ್ಷರಗಳ ಆಸುಪಾಸು, ಹಿಡಿತವಿಲ್ಲದ ರಂಧ್ರಕ್ಕಿಂತ ಲಕ್ಷ ಪಟ್ಟು ನಿಧಾನ. 2020ರಲ್ಲಿ ಕೊರೊನಾ ಕರ್ನಾಟಕಕ್ಕೆ ಎಲ್ಲೆಲ್ಲಿಂದ ಬಂತೆಂದು ತಿಳಿಯಲು ಬೆಂಗಳೂರಿನ ನಿಮ್ಹಾನ್ಸ್ ವಿಜ್ಞಾನಿಗಳು ರಾಜ್ಯದ ನಲವತ್ತಕ್ಕೂ ಹೆಚ್ಚು ಮಾದರಿಗಳ ವೈರಸ್ ಜೀನೋಮ್ ಓದಿದ್ದು ಇದೇ ತಂತ್ರದಿಂದ. 2022ರಲ್ಲಿ ಮನುಷ್ಯನ ಜೀನೋಮಿನ ಉಳಿದಿದ್ದ ಸುಮಾರು ಶೇ 8ರಷ್ಟು ಭಾಗ ಪೂರ್ಣಗೊಂಡಾಗಲೂ ಲಕ್ಷಗಟ್ಟಲೆ ಅಕ್ಷರಗಳ ಒಂದೇ ಎಳೆಯನ್ನು ಓದಬಲ್ಲ ಈ ರಂಧ್ರಗಳ ಪಾಲು ದೊಡ್ಡದಿತ್ತು.

ಇಲ್ಲೇ ಗಟ್ಟಿಯಾದ ಆಕ್ಷೇಪ ಏಳುತ್ತದೆ. ಪ್ರೋಟೀನ್ ರಂಧ್ರ ಗೆದ್ದಾಯಿತು, ಯಂತ್ರ ಮಾರುಕಟ್ಟೆಯಲ್ಲಿದೆ. ಇನ್ನೂ ಯಾಕೆ ಸಿಲಿಕಾನಿನಲ್ಲಿ, ಗಾಜಿನಲ್ಲಿ, ಗ್ರಾಫೀನ್ ಎಂಬ ಇಂಗಾಲದ ಹಾಳೆಯಲ್ಲಿ ತೂತು ಕೊರೆಯುತ್ತ ಕೂರಬೇಕು? ಕೊರೆದ ರಂಧ್ರಗಳು ಒಂದರಂತೆ ಒಂದಿರುವುದಿಲ್ಲ, ಕಟ್ಟಿಕೊಳ್ಳುತ್ತವೆ, ಪ್ರವಾಹದಲ್ಲಿ ಗದ್ದಲ ಎಬ್ಬಿಸುತ್ತವೆ ಎಂದೂ ಸೇರಿಸಬಹುದು. ಈ ದೂರುಗಳೆಲ್ಲ ನಿಜ. ಬರೀ ಓದುವುದೊಂದೇ ಗುರಿಯಾಗಿದ್ದರೆ ಅಂಗಡಿ ಮುಚ್ಚಬಹುದಿತ್ತು. ಆದರೆ ಒಂಟಿ ಎಳೆಯನ್ನಷ್ಟೇ ಬಿಡುವ ಕಿರುರಂಧ್ರಕ್ಕೆ ಕಾಣದ್ದು ಬಹಳಷ್ಟಿದೆ. ಕೋಶದಲ್ಲಿ ಡಿಎನ್‌ಎ ಬರಿಮೈಯಲ್ಲಿ ಇರುವುದಿಲ್ಲ. ಪ್ರೋಟೀನಿನ ಗುಂಡುಗಳಿಗೆ ಸುತ್ತಿಕೊಂಡಿರುತ್ತದೆ, ಮಡಚಿರುತ್ತದೆ, ಗಂಟುಬಿದ್ದಿರುತ್ತದೆ. ಕಿಣ್ವದ ಹಲ್ಲಿಗೆ ಸಿಕ್ಕಾಗ ಇದೆಲ್ಲ ಬಿಚ್ಚಿಹೋಗುತ್ತದೆ. ಗಾಣದಿಂದ ಹೊರಬಿದ್ದ ಸಿಪ್ಪೆ ನೋಡಿ ಕಬ್ಬಿನ ಗೆಣ್ಣು ಹೇಗಿತ್ತೆಂದು ಹೇಳಲಾಗದು. ಬೇಕಾದ ಅಳತೆಗೆ ಕೊರೆಯಬಲ್ಲ ಕೃತಕ ರಂಧ್ರ ಮಾತ್ರ ಅಣುವನ್ನು ಅದರ ಉಡುಪಿನೊಡನೆಯೇ ದಾಟಿಸಿ ಅದರ ಆಕಾರ ಅಳೆಯಬಲ್ಲದು. ರಾಮನ್ ಸಂಸ್ಥೆಯ ಪ್ರಯೋಗಾಲಯ ಡಿಎನ್‌ಎ ಜೊತೆಗೆ ಡಿಎನ್‌ಎಯಿಂದಲೇ ಹೆಣೆದ ರಚನೆಗಳನ್ನೂ ಪ್ರೋಟೀನ್ ಸುತ್ತಿದ ಡಿಎನ್‌ಎಯನ್ನೂ ಹೀಗೆ ನೋಡಲು ಹೊರಟಿರುವುದು ಈ ಕಾರಣಕ್ಕೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವರ್ಮಾ ಹಾಗೂ ಭೌತವಿಜ್ಞಾನಿ ಪ್ರಬಲ್ ಮೈತಿ ಅವರ ತಂಡಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗ್ರಾಫೀನ್ ಮತ್ತು ಬೋರಾನ್ ನೈಟ್ರೈಡ್ ಹಾಳೆಗಳನ್ನು ಒಂದರ ಮೇಲೊಂದಿಟ್ಟ ರಂಧ್ರದಲ್ಲಿ ಡಿಎನ್‌ಎ ಹೇಗೆ ಸಾಗುತ್ತದೆಂದು ಪರಿಶೀಲಿಸಿದವು. ಒಂದು ಪದರ ಗ್ರಾಫೀನಿನ ದಪ್ಪ ಡಿಎನ್‌ಎಯ ಎರಡು ಅಕ್ಷರಗಳ ನಡುವಿನ ಅಂತರಕ್ಕೆ, 0.34 ನ್ಯಾನೊಮೀಟರಿಗೆ, ಸರಿಸಮ ಎಂಬ ಆಕಸ್ಮಿಕ ಈ ಕ್ಷೇತ್ರದವರನ್ನು ಬಹಳ ದಿನದಿಂದ ಕಾಡುತ್ತಿದೆ. ಅರುವತ್ತು ಅಕ್ಷರಗಳ ಗೋಡೆಯನ್ನು ಒಂದಕ್ಕೆ ಇಳಿಸಬಹುದಲ್ಲ ಎಂಬ ಆಸೆ. ಆದರೆ ಪೊರೆ ತೆಳುವಾದಾಗ ಪ್ರವಾಹದ ಲೆಕ್ಕಕ್ಕೆ ಬರುವುದು ರಂಧ್ರದ ಹೊರಬಾಯಿ. ಅಲ್ಲಿಯ ಮಸುಕು ರಂಧ್ರದ ಅಗಲದಷ್ಟೇ ಇರುತ್ತದೆ. ದಾರವೂ ಹಾಳೆಗೆ ಅಂಟಿಕೊಳ್ಳುತ್ತದೆ. ಮತ್ತೆ ಬಂದು ನಿಲ್ಲುವುದು ಚಲನೆಯ ಮುಂದೆಯೇ.

ಇಷ್ಟು ಹೊತ್ತು ತೂಬು, ಗೇಟು, ಗಾಣ ಎಂದೆಲ್ಲ ಹೇಳಿದ್ದಕ್ಕೂ ಒಂದು ತಕರಾರು ನ್ಯಾಯವಾದದ್ದೇ. ಕಮಲಾಪುರದ ಕೆರೆಯ ನೀರಿಗೆ ಭಾರವಿದೆ, ರಭಸವಿದೆ. ಹಂಪಿಯ ಕಲ್ಲಿನ ದೋಣಿಗಾಲುವೆಗಳಲ್ಲಿ ಅದು ಇಳಿಜಾರು ನೋಡಿಕೊಂಡು ಹರಿದದ್ದು ಆ ಭಾರದಿಂದ. ನ್ಯಾನೊಮೀಟರ್ ಅಳತೆಯಲ್ಲಿ ಭಾರಕ್ಕೆ ಬೆಲೆಯಿಲ್ಲ, ರಭಸ ಎಂಬುದೇ ಇಲ್ಲ. ಆ ದಾರದ ಪಾಲಿಗೆ ನೀರು ಜೋನಿಬೆಲ್ಲದಷ್ಟು ಮಂದ. ಎಳೆಯುವುದು ನಿಂತ ಕ್ಷಣವೇ ಚಲನೆಯೂ ನಿಲ್ಲುತ್ತದೆ, ಉಳಿಯುವುದು ಸುತ್ತಲ ಅಣುಗಳ ತಳ್ಳಾಟ ಮಾತ್ರ. ಹಾಗಾಗಿಯೇ ಒಂದೇ ಉದ್ದದ ಎರಡು ದಾರಗಳು ಒಂದೇ ರಂಧ್ರವನ್ನು ಬೇರೆ ಬೇರೆ ಹೊತ್ತಿನಲ್ಲಿ ದಾಟುತ್ತವೆ. ಈ ಹರವನ್ನು ತಪ್ಪು ಎಂದು ತಿದ್ದಿಹಾಕುವಂತಿಲ್ಲ. ಪ್ರತಿ ದಾರವೂ ಬಾಯಿಗೆ ಬಂದಾಗ ಅದರ ಗೋಜಲು ಬೇರೆಯಿತ್ತು, ಆ ಬೇರೆತನವೇ ಹೊತ್ತಿನಲ್ಲಿ ಬರೆದುಕೊಂಡಿದೆ. ಸಾವಿರಾರು ದಾರಗಳನ್ನು ಒಂದೊಂದಾಗಿ ದಾಟಿಸಿ ಆ ಹರವನ್ನು ಓದುವುದೇ ಇಲ್ಲಿಯ ಓದು. ಸಾಮಾನ್ಯ ರಸಾಯನಶಾಸ್ತ್ರದ ಪ್ರಯೋಗ ಕೋಟ್ಯಂತರ ಅಣುಗಳ ಸರಾಸರಿ ಕೊಟ್ಟರೆ, ರಂಧ್ರ ಒಂದೊಂದರ ಸಾಕ್ಷ್ಯ ಕೊಡುತ್ತದೆ. ಉಪಮೆ ಕೆಡುವ ಕಡೆಯೇ ವಿಜ್ಞಾನ ಶುರುವಾಗುತ್ತದೆ ಎನ್ನಬಹುದೇನೋ.

ಕೊನೆಯ ಆಕ್ಷೇಪ ಹಣದ್ದು. ಮಿನಿಯಾನ್ ಕೊಂಡುಕೊಳ್ಳಬಹುದಾದಾಗ ನಮ್ಮ ತೆರಿಗೆ ಹಣ ದಾರದ ಗೋಜಲು ಬಿಡಿಸಲು ಯಾಕೆ? ಕೊಳ್ಳುವುದಕ್ಕೆ ವಿರೋಧವೇನೂ ಇಲ್ಲ, ಕೊಳ್ಳಲೇಬೇಕು. ಆದರೆ ಆ ಯಂತ್ರ ಕೂಡ ಚಲನೆ ಅರಿತವರ ಕೆಲಸದ ಫಲ. ಕಿಣ್ವ ಯಾಕೆ ಬೇಕೆಂದು ತಿಳಿದದ್ದು ಕಿಣ್ವವಿಲ್ಲದ ದಾರದ ಓಟ ಅಳೆದ ಮೇಲೆ. ಮುಂದಿನ ಸರದಿ ಪ್ರೋಟೀನುಗಳದ್ದು. ಅಲ್ಲಿ ನಾಲ್ಕಲ್ಲ, ಇಪ್ಪತ್ತು ಅಕ್ಷರ. ಡಿಎನ್‌ಎಗಿರುವಂತೆ ಒಂದೇ ಬಗೆಯ ವಿದ್ಯುದಂಶವೂ ಇಲ್ಲ, ಹಾಗಾಗಿ ಯಾವ ಕಡೆ ಹೋಗಬೇಕೆಂಬುದೇ ದಾರಕ್ಕೆ ತಿಳಿಯದು. 2021ರಲ್ಲಿ ಡೆಲ್ಫ್ಟ್‌ನವರು ಪ್ರೋಟೀನಿನ ತುಣುಕೊಂದನ್ನು ಡಿಎನ್‌ಎಗೆ ಕಟ್ಟಿ, ಡಿಎನ್‌ಎಯನ್ನು ಎಳೆಯುವ ಕಿಣ್ವದಿಂದಲೇ ಅದನ್ನೂ ಎಳೆಸಿ ಒಂದೊಂದು ಅಕ್ಷರದ ವ್ಯತ್ಯಾಸ ಗುರುತಿಸಿದರು. ದಾರಿ ತೆರೆದಿದೆ, ಯಾರೂ ಇನ್ನೂ ಪೂರ್ತಿ ಗೆದ್ದಿಲ್ಲ. ತಡವಾಗಿ ಹೊರಟವರಿಗೂ ಇಲ್ಲಿ ಜಾಗವಿದೆ. ಇನ್ನು ಲಾಭ ಯಾವ ಕಡೆಯಿಂದ ಬರುತ್ತದೆಂದು ಮೊದಲೇ ಹೇಳುವುದು ಕಷ್ಟ. ಡಿಎನ್‌ಎ ದಾಟಿಸಲು ಕಲಿತ ಅದೇ ರಾಮನ್ ಸಂಸ್ಥೆಯ ಗುಂಪು ರಂಧ್ರವನ್ನು ಮೈಕ್ರೊಮೀಟರ್ ಅಳತೆಗೆ ಹಿಗ್ಗಿಸಿ, ಇಕ್ಕಟ್ಟಿನಲ್ಲಿ ನುಸುಳುವ ಕೆಂಪು ರಕ್ತಕಣ ಎಷ್ಟು ಮೆದು, ಎಷ್ಟು ಬಿರುಸು ಎಂದು ಅಳೆಯುವ ಸಾಧನವನ್ನು ರೂಪಿಸಿದೆ. ಮಲೇರಿಯಾ ತಗುಲಿದ ಕೆಂಪುಕಣ ಬಿರುಸಾಗುತ್ತದೆ. ಹೊಸಪೇಟೆಯ ಲ್ಯಾಬು ಕೊಡುವ ಸಿಬಿಸಿ ಚೀಟಿಯಲ್ಲಿ ಕೆಂಪುಕಣದ ಗಾತ್ರಕ್ಕೆ ಎಂಸಿವಿ ಎಂಬ ಒಂದು ಸಾಲಿದೆ. ಬಿರುಸಿಗೆ ಇನ್ನೂ ಸಾಲಿಲ್ಲ.